ಶೀಟ್ ಮನೆಯ ಬಾಣಂತಿ

ನನ್ನ ಜಾಗಕ್ಕೆ ಬಂದಿರುವ ಸೌಮ್ಯ ಮೊನ್ನೆ ಫೋನ್ ಮಾಡಿದ್ದಳು. ಹೊಸ ಹುಡುಗಿ, ಕೆಲಸಕ್ಕೆ ಸೇರಿ ಇನ್ನೂ ಒಂದು ಬೇಸಿಗೆಯನ್ನೂ ಪೂರ್ತಿ ನೋಡಿಲ್ಲ. "ಮೇಡಮ್, ಬಿಸಿಲಿನ ಬಗ್ಗೆ ಜನಕ್ಕೆ ತಿಳುವಳಿಕೆ ಕೊಡಿ ಅಂತ ಮೇಲಿಂದ ಮೆಸೇಜ್ ಬಂದಿದೆ. ಮನೆಮನೆಗೆ ಹೋಗಿ ಹೇಳ್ತಿದೀನಿ. ಎಲ್ರೂ ಹ್ಞೂ ಅಂತಾರೆ, ಯಾರೂ ಕೇಳಲ್ಲ. ನೀವು ಹೆಂಗೆ ಹೇಳ್ತಿದ್ರಿ?" ಎಂದು ಕೇಳಿದಳು.

"ನಾನು ಬೈತಿದ್ದೆ ಕಣಮ್ಮಾ" ಎಂದೆ.

ಅವಳು ನಕ್ಕಳು. ಫೋನ್ ಇಟ್ಟ ಮೇಲೆ ನನಗೇ ಸಮಾಧಾನವಾಗಲಿಲ್ಲ. ಬೈದದ್ದು ನಿಜ. ಈ ತಾಲ್ಲೂಕಿನಲ್ಲಿ ನನ್ನ ಬಾಯಿಗೆ ಹೆದರದ ಬಸುರಿ ಇರಲಿಲ್ಲ. ಆದರೆ ಬಿಸಿಲಿನ ವಿಷಯದಲ್ಲಿ ನನ್ನ ಬೈಗುಳ ಕೆಲಸಕ್ಕೆ ಬಂದದ್ದು ಬಹಳ ಕಡಿಮೆ. ಅವಳಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಕೂತು ಬರೆದುಬಿಡೋಣ ಅನ್ನಿಸಿತು.

ನಾನು ಆರೋಗ್ಯ ಇಲಾಖೆಯಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿದ್ದವಳು. ಈ ಉದ್ದದ ಹೆಸರು ಕಚೇರಿಯ ಕಡತಕ್ಕೆ ಮಾತ್ರ. ಊರಿನವರಿಗೆ ನಾನು ಸಿಸ್ಟರಮ್ಮ. ಬಡ್ತಿ ಯಾವಾಗ ಬಂತು, ಯಾರು ಅಡ್ಡಗಾಲು ಹಾಕಿದರು ಎಂಬ ಪುರಾಣ ಇಲ್ಲಿ ಬೇಡ. ಅದನ್ನು ಕೇಳಿ ಯಾವ ಮಗುವಿನ ಜ್ವರವೂ ಇಳಿಯುವುದಿಲ್ಲ.

ನನ್ನ ಕೆಲಸದ ಮೊದಲರ್ಧ ಕಳೆದದ್ದು ಕುಂದಾಣದ ಸುತ್ತಲಿನ ಹಳ್ಳಿಗಳಲ್ಲಿ. ಹೆರಿಗೆ, ಚುಚ್ಚುಮದ್ದು, ಬಾಣಂತಿಯರ ಮನೆ ಭೇಟಿ, ಇದೇ ಕೆಲಸ. ಆಗಿನ ಬಾಣಂತಿ ಕೋಣೆಯೊಳಗೆ ಕಾಲಿಟ್ಟರೆ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ದಪ್ಪ ಮಣ್ಣಿನ ಗೋಡೆ, ಮೇಲೆ ಹೆಂಚು, ಇದ್ದ ಒಂದು ಗವಾಕ್ಷಿಗೂ ಹಳೇ ಸೀರೆ ತುರುಕಿರುತ್ತಿದ್ದರು. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ, ಮಂಚದ ಕೆಳಗೆ ಕೆಂಡ, ಬೆಳಗ್ಗೆ ಸಂಜೆ ಸಾಂಬ್ರಾಣಿ ಹೊಗೆ. ನೀರು ಕೇಳಿದರೆ ಒಂದು ಲೋಟ ಬಿಸಿನೀರು ಸಿಗುತ್ತಿತ್ತು, ಅದೂ ಗೊಣಗಾಟದ ಜೊತೆಗೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ, ಬಾಣಂತಿಗೆ ಸನ್ನಿ ಹಿಡಿಯುತ್ತದೆ ಎನ್ನುತ್ತಿದ್ದರು. ಹೆತ್ತ ಹೆಂಗಸು ಜ್ವರದಲ್ಲಿ ಮೈ ಸುಟ್ಟುಕೊಂಡು, ಸೆಟೆದುಕೊಂಡು, ಏನೇನೋ ಬಡಬಡಿಸುತ್ತಾ ಹೋಗಿಬಿಡುವುದಕ್ಕೆ ಅವರಿಟ್ಟ ಹೆಸರು ಸನ್ನಿ. ಅಂಥ ಸಾವನ್ನು ಕಣ್ಣಾರೆ ಕಂಡ ಅಜ್ಜಿಯರಿದ್ದರು. ಅವರ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಯಾವತ್ತೂ ಬಾಯಿ ಬರಲಿಲ್ಲ.

ನೀರಿನ ವಿಷಯಕ್ಕೆ ನಾನು ಅಜ್ಜಿಯರ ಜೊತೆ ಜಗಳವಾಡುತ್ತಿದ್ದೆ. ಬೆಚ್ಚಗಿಡುವ ವಿಷಯದಲ್ಲಿ ಮಾತ್ರ ನಾವೆಲ್ಲ ಒಂದೇ ಪಕ್ಷ. ಒಂದು ಧನುರ್ಮಾಸದಲ್ಲಿ ತಿಂಗಳು ತುಂಬುವ ಮೊದಲೇ ಹುಟ್ಟಿದ ಹೆಣ್ಣು ಕೂಸೊಂದು ನನ್ನ ಅಂಗೈಯಲ್ಲಿ ಇಲಿಮರಿಯ ಹಾಗೆ ಮಲಗಿತ್ತು. ಪಾದ ಮುಟ್ಟಿದರೆ ಬಾವಿಯ ಹಗ್ಗ ಮುಟ್ಟಿದಂತೆ ತಣ್ಣಗೆ. ತಾಯಿಯ ಎದೆಯ ಮೇಲೆ ಬರಿಮೈಯಲ್ಲಿ ಮಲಗಿಸಿ, ಮೇಲೆ ಕಂಬಳಿ ಹೊದಿಸಿ, ತಲೆಗೊಂದು ಕುಲಾವಿ ಹಾಕಿ, ಬೆಳಗಿನವರೆಗೂ ಅಲ್ಲೇ ಕೂತಿದ್ದೆ. ಆ ಕೂಸು ಬದುಕಿತು. ಈಗ ಅವಳಿಗೇ ಎರಡು ಮಕ್ಕಳು. ಆಮೇಲಿಂದ ನನಗೆ ಕುಲಾವಿಯ ಹುಚ್ಚು ಹಿಡಿಯಿತು. ಬಸ್ಸಿನಲ್ಲಿ, ಮೀಟಿಂಗಿನಲ್ಲಿ, ಎಲ್ಲಿ ಕೂತರೂ ಉಲನ್ ಕುಲಾವಿ ಹೆಣೆಯುವುದು, ಹೆರಿಗೆಯಾದವರಿಗೆಲ್ಲ ಕೊಡುವುದು. "ಕುಲಾವಿ ಸಿಸ್ಟರು ಬಂದ್ರು" ಎಂದೇ ಹಳ್ಳಿಯವರು ಹೇಳುತ್ತಿದ್ದರು. ಮಗುವಿನ ಪಾದವನ್ನೂ ಹೊಟ್ಟೆಯನ್ನೂ ಮುಟ್ಟಿ ನೋಡಿ, ಪಾದ ತಣ್ಣಗಿದ್ದರೆ ಇನ್ನೊಂದು ಬಟ್ಟೆ ಸುತ್ತಿ ಎಂದು ಮನೆಮನೆಯಲ್ಲೂ ಹೇಳಿದೆ. ಇಲಾಖೆ ಹೇಳಿಕೊಟ್ಟದ್ದೂ ಅದನ್ನೇ. ಕುಂದಾಣದ ಹೆಂಚಿನ ಮನೆಗಳಿಗೆ ಅದು ಸರಿಯಾಗಿಯೇ ಇತ್ತು.

ಆಮೇಲೆ ದೇವನಹಳ್ಳಿ ಪಟ್ಟಣಕ್ಕೆ ವರ್ಗವಾಯಿತು. ಏರ್‌ಪೋರ್ಟ್ ಬಂದು ಊರು ನಾಲ್ಕೂ ದಿಕ್ಕಿಗೆ ಬೆಳೆದಿತ್ತು. ಜಮೀನು ಮಾರಿದವರು ಉಳಿದ ತುಂಡು ಜಾಗದಲ್ಲಿ ಸಾಲಾಗಿ ಮನೆ ಎಬ್ಬಿಸಿ ಬಾಡಿಗೆಗೆ ಬಿಡುತ್ತಿದ್ದರು. ಹಾಲೋ ಬ್ಲಾಕಿನ ಗೋಡೆ, ಮೇಲೆ ಶೀಟು, ಮುಂದೆ ಒಂದು ಬಾಗಿಲು, ಹಿಂದೆ ಇನ್ನೊಂದು ಸಾಲಿನ ಗೋಡೆ. ಕ್ಯಾಬ್ ಓಡಿಸುವವರು, ಹೋಟೆಲಿನಲ್ಲಿ ದುಡಿಯುವವರು, ಏರ್‌ಪೋರ್ಟಿನಲ್ಲಿ ನೆಲ ಒರೆಸುವವರು ಅಲ್ಲಿ ಸಂಸಾರ ಹೂಡಿದ್ದರು. ನನ್ನ ಪಾಲಿಗೆ ಬಂದದ್ದು ಅಂಥದ್ದೇ ಒಂದು ವಠಾರ. ಮೊದಲು ಅಲ್ಲಿ ಚಕ್ಕೋತದ ತೋಟವಿತ್ತಂತೆ. ಈಗ ಉಳಿದಿದ್ದದ್ದು ಬೀದಿಯ ಕೊನೆಯಲ್ಲಿ ಒಂದು ಹೊಂಗೆ ಮರ.

ನಮ್ಮ ಕಡೆಯವರಿಗೆ ಹವೆಯ ವಿಷಯದಲ್ಲಿ ಸ್ವಲ್ಪ ಜಂಬ. ಬಿಸಿಲು ಅಂದರೆ ರಾಯಚೂರು, ಬಳ್ಳಾರಿ. ನಮ್ಮದೇನಿದ್ದರೂ ತಂಪು ಸೀಮೆ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಜಂಬ ಇಳಿದದ್ದು ವಠಾರದ ಅಂಗನವಾಡಿಯಲ್ಲಿ.

ಅದೂ ಶೀಟಿನದೇ ಕಟ್ಟಡ. ಏಪ್ರಿಲ್‌ನಲ್ಲಿ ಒಂದು ದಿನ ಅಲ್ಲಿ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದೆ. ಲಸಿಕೆಯ ಪೆಟ್ಟಿಗೆಯಲ್ಲಿ ಸುತ್ತಲೂ ಐಸ್ ಪ್ಯಾಕ್ ಇರುತ್ತದಲ್ಲ, ಮುಚ್ಚಳ ತೆಗೆದಾಗಲೆಲ್ಲ ತಾಯಂದಿರು ಮುಖ ಹತ್ತಿರ ತರುತ್ತಿದ್ದರು. "ದೂರ ಹೋಗ್ರಮ್ಮಾ, ಲಸಿಕೆ ಕೆಡುತ್ತೆ" ಎಂದು ನಾನು ಗದರುತ್ತಿದ್ದೆ. ಅಷ್ಟರಲ್ಲಿ ಲಸಿಕೆ ಹಾಕಿಸಿ ಪಕ್ಕಕ್ಕೆ ಸರಿದಿದ್ದ ಒಬ್ಬ ತಾಯಿ ಮಗುವನ್ನು ಪಕ್ಕದವಳ ಕೈಗೆ ಕೊಟ್ಟು ಅಲ್ಲೇ ಕುಸಿದಳು. ಸೆಕೆ ತಾಳಲಾರದೆ ತಲೆ ಸುತ್ತಿತ್ತು, ಅಷ್ಟೇ. ಹೊರಗೆ ಮರದ ಕೆಳಗೆ ಮಲಗಿಸಿ ನೀರು ಕೊಟ್ಟ ಮೇಲೆ ಎದ್ದು ಕೂತಳು. ಆದರೆ ಸಂಜೆಯೊಳಗೆ ವಠಾರದ ತುಂಬಾ ಸುದ್ದಿ ಬೇರೆಯೇ ಆಗಿತ್ತು. ಸಿಸ್ಟರಮ್ಮ ಸೂಜಿ ಹಾಕಿದ ತಕ್ಷಣ ಹೆಂಗಸು ಬಿದ್ದಳು! ಸೂಜಿ ಹಾಕಿದ್ದು ಮಗುವಿಗೆ, ಬಿದ್ದದ್ದು ತಾಯಿ, ಇದನ್ನು ಯಾರೂ ಯೋಚಿಸಲಿಲ್ಲ. ಮುಂದಿನ ತಿಂಗಳು ಒಂದು ನರಪಿಳ್ಳೆಯೂ ಬರಲಿಲ್ಲ. ನಾನೂ ಆಶಾ ಕಾರ್ಯಕರ್ತೆ ರತ್ನಮ್ಮನೂ ಬಾಗಿಲು ಬಾಗಿಲಿಗೆ ಹೋಗಿ ಗೋಗರೆಯಬೇಕಾಯಿತು.

ಅಲ್ಲಿಂದ ಮುಂದೆ ಲಸಿಕೆಯ ಕೆಲಸವನ್ನು ಬೆಳಗಿನ ಹೊತ್ತಿಗೆ, ಹೊಂಗೆ ಮರದ ಕೆಳಗೆ ಬದಲಾಯಿಸಿದೆ. ತಪಾಸಣೆಗೆ ಬಂದ ಮೇಲಧಿಕಾರಿಯೊಬ್ಬರು ಅದನ್ನು ಕಂಡು ಕೆಂಡಾಮಂಡಲವಾದರು. "ಏನ್ರೀ ಇದು, ಸಂತೆ ಇಟ್ಕೊಂಡಿದೀರಾ? ಕಟ್ಟಡ ಯಾಕಿದೆ?" ಎಂದು ರೇಗಿದರು. ಷರಾ ಬರೆಯಲು ಅಂಗನವಾಡಿಯೊಳಗೆ ಹೋಗಿ ಕೂತರು. ಫ್ಯಾನ್ ತಿರುಗುತ್ತಿತ್ತು, ಬಿಸಿ ಗಾಳಿಯನ್ನೇ ಕೆಳಕ್ಕೆ ತಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರೇ ಕುರ್ಚಿ ಎತ್ತಿಕೊಂಡು ಹೊರಗೆ ಬಂದು ನನ್ನ ಪಕ್ಕದಲ್ಲೇ ಹಾಕಿಕೊಂಡರು.  ನಾನು ಮಜ್ಜಿಗೆ ಕೊಟ್ಟೆ. ಷರಾದಲ್ಲಿ ಮರದ ಪ್ರಸ್ತಾಪ ಬರಲೇ ಇಲ್ಲ. ಮೇಲಧಿಕಾರಿಗಳೆಲ್ಲ ಕೆಟ್ಟವರಲ್ಲ ಸೌಮ್ಯಾ, ಅವರಿಗೂ ಬೆವರುತ್ತದೆ.

ಬಿಸಿಲಿನ ಪೋಸ್ಟರುಗಳು ಬಂದದ್ದು ಅದರ ಮುಂದಿನ ವರ್ಷ. ಮಧ್ಯಾಹ್ನ ಹೊರಗೆ ಹೋಗಬೇಡಿ, ಮನೆಯೊಳಗೇ ಇರಿ ಎಂದು ದಪ್ಪಕ್ಷರದಲ್ಲಿತ್ತು. ರತ್ನಮ್ಮ ಗೋಂದು ಹಚ್ಚುತ್ತಿದ್ದಳು, ನಾನು ವಠಾರದ ಬಾಗಿಲುಗಳಿಗೆ ಅಂಟಿಸುತ್ತಿದ್ದೆ. ಒಂದು ಮನೆಯ ಮುಂದೆ ಕ್ಯಾಬ್ ಡ್ರೈವರ್ ಮಂಜುನಾಥ ಲುಂಗಿ ಕಟ್ಟಿಕೊಂಡು ನಿಂತಿದ್ದ. ರಾತ್ರಿ ಪಾಳಿ ಮುಗಿಸಿ ಬಂದಿದ್ದ, ಕಣ್ಣು ಕೆಂಪಗಿತ್ತು. ಪೋಸ್ಟರನ್ನು ಪೂರ್ತಿ ಓದಿ ನಕ್ಕ.

"ಮೇಡಮ್, ಇದನ್ನ ಬರೆದೋರು ಶೀಟ್ ಮನೇಲಿ ಇದ್ದಾರಾ?"

"ಯಾಕಪ್ಪಾ?"

"ಬನ್ನಿ ಒಳಗೆ, ಒಂದು ಐದು ನಿಮಿಷ ಕೂತ್ಕೊಳಿ. ಆಮೇಲೆ ಅಂಟಿಸೋರಂತೆ."

ಹಟಕ್ಕೆ ಹೋಗಿ ಕೂತೆ. ಶೀಟಿನಿಂದ ಇಳಿಯುವ ಝಳ ನೆತ್ತಿಯ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಹಿಡಿದಂತೆ ಇತ್ತು. ಗೋಡೆ ಮುಟ್ಟಿದರೆ ಬಿಸಿ, ಪಾತ್ರೆ ಮುಟ್ಟಿದರೆ ಬಿಸಿ. ಹೊರಗೆ ಬಂದಾಗ ಬೀದಿಯ ಬಿಸಿಲೇ ವಾಸಿ ಅನ್ನಿಸಿತು. ಮಂಜುನಾಥನ ಹೆಂಡತಿ ಭಾಗ್ಯ ಆಗ ಬಸುರಿ, ಮೂಲೆಯಲ್ಲಿ ಒದ್ದೆ ಟವೆಲು ಹೊದ್ದು ಕೂತಿದ್ದಳು. ಮದುವೆಯಾಗಿ ವರ್ಷಗಳಾದ ಮೇಲೆ, ಎರಡು ಬಾರಿ ಗರ್ಭ ಇಳಿದುಹೋಗಿ, ಮೂರನೆಯದು ನಿಂತಿತ್ತು. "ಇವ್ಳಿಗೆ ಮಧ್ಯಾಹ್ನ ಒಳಗಿರು ಅಂತ ಹೆಂಗೆ ಹೇಳ್ಲಿ ಮೇಡಮ್?" ಎಂದು ಅವನು ಕೇಳಿದಾಗ ಉಳಿದ ಪೋಸ್ಟರುಗಳನ್ನು ಸುತ್ತಿ ಬ್ಯಾಗಿಗೆ ಹಾಕಿದೆ.

ನಮ್ಮ ಆರೋಗ್ಯ ಕೇಂದ್ರದ ಡಾಕ್ಟರು ಒಳ್ಳೆಯ ಹೆಣ್ಣುಮಗಳು. ಅವರಿಗೆ ಹೋಗಿ ಹೇಳಿದೆ. ಪೋಸ್ಟರ್ ಬದಲಾಯಿಸುವುದು ನಮ್ಮ ಕೈಲಿಲ್ಲ, ಬಾಯಿಮಾತು ಬದಲಾಯಿಸಿಕೊಳ್ಳಿ ಎಂದರು. ಅಂದಿನಿಂದ ಮನೆಯೊಳಗಿರಿ ಎನ್ನುವುದನ್ನು ಬಿಟ್ಟೆ. ಬದಲಿಗೆ ನಿಮ್ಮ ಬೀದಿಯಲ್ಲಿ ತಂಪಾದ ಜಾಗ ಯಾವುದು ಎಂದು ಕೇಳತೊಡಗಿದೆ. ಹೊಂಗೆ ಮರ, ರೇಷನ್ ಅಂಗಡಿಯ ಜಗಲಿ, ಆರ್‌ಸಿಸಿ ಹಾಕಿದ ದೇವಸ್ಥಾನದ ಮಂಟಪ. ಬಸುರಿಯರನ್ನು, ವಯಸ್ಸಾದವರನ್ನು ಮಧ್ಯಾಹ್ನ ಅಲ್ಲಿಗೆ ಎಬ್ಬಿಸಿ ಕಳಿಸುವುದೇ ರತ್ನಮ್ಮನ ಕೆಲಸವಾಯಿತು. ಭಾಗ್ಯ ಆ ಬೇಸಿಗೆಯ ಎಷ್ಟೋ ಮಧ್ಯಾಹ್ನಗಳನ್ನು ದೇವಸ್ಥಾನದ ಮಂಟಪದಲ್ಲಿ ಅವರೆಕಾಯಿ ಬಿಡಿಸುವವರ ಜೊತೆ ಕಳೆದಳು ಎನ್ನಲು ಆಸೆ, ಆದರೆ ಅವರೆಕಾಯಿಯ ಕಾಲ ಅದಲ್ಲ. ಮಂಟಪದಲ್ಲಿ ಕೂತು ಮೊಬೈಲ್ ನೋಡುತ್ತಿದ್ದಳು, ಅಷ್ಟೇ.

ಬೇಸಿಗೆ ಮುಗಿಯುವ ಮೊದಲೇ ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು. ಗಂಡು ಮಗು, ತೂಕವೂ ಚೆನ್ನಾಗಿತ್ತು. ಪದ್ಧತಿಯಂತೆ ಬಾಣಂತನ ತವರಿನಲ್ಲಿ, ಅಂದರೆ ಸಾಸಲು ಹತ್ತಿರದ ಹಳ್ಳಿಯಲ್ಲಿ ಆಗಬೇಕಿತ್ತು. ಹಿಂದೆ ಎರಡು ಸಲ ಹೋಗಿದ್ದ ಭಯಕ್ಕೆ, ಆಸ್ಪತ್ರೆ ಹತ್ತಿರವಿರಲಿ ಎಂದು ಭಾಗ್ಯಳನ್ನು ಇಲ್ಲೇ ಉಳಿಸಿಕೊಂಡರು. ತವರೇ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂತು.

ತವರು ಎಂದರೆ ಭಾಗ್ಯಳ ತಾಯಿ ಲಕ್ಷ್ಮಮ್ಮ. ಗಟ್ಟಿ ಹೆಂಗಸು, ದೊಡ್ಡ ಕುಂಕುಮ, ಎತ್ತರದ ದನಿ. ಅವರ ಊರಿನಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಎರೆದ ಕೈ ಅವರದು. ಎಳೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತೀಡಿ ನೀರು ಹಾಕುವುದನ್ನು ನೋಡಿದರೆ ನನಗೇ ಆ ಕಾಲ ಮೇಲೆ ಮಲಗಬೇಕು ಅನ್ನಿಸುತ್ತಿತ್ತು. ಬರುವಾಗ ಬಜೆ, ಸಾಂಬ್ರಾಣಿ, ಬೆಳ್ಳುಳ್ಳಿ, ಮೆಣಸಿನಪುಡಿ, ಕಂಬಳಿ ಎಲ್ಲವನ್ನೂ ತಂದಿದ್ದರು. ಮೊದಲ ಭೇಟಿಗೆ ನಾನು ಹೋದದ್ದು ಬೆಳಗ್ಗೆ ಬೇಗ. ಹಿಂದಿನ ಸಂಜೆ ಮಳೆ ಬಿದ್ದು ತಂಪಾಗಿತ್ತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. "ನೀರು ಚೆನ್ನಾಗಿ ಕೊಡಿ ಅಮ್ಮಾ, ಸೆಕೆ ಜಾಸ್ತಿ ಆದ್ರೆ ಮಗೂಗೆ ಇಷ್ಟೆಲ್ಲ ಸುತ್ತಬೇಡಿ" ಎಂದೆ. "ಆಯ್ತು ಸಿಸ್ಟರಮ್ಮ, ನಂಗೆ ಗೊತ್ತಿಲ್ವಾ" ಎಂದು ಲಕ್ಷ್ಮಮ್ಮ ನಕ್ಕರು. ಆ ನಗುವಿನ ಅರ್ಥ ನೀನು ನಿನ್ನ ಕೆಲಸ ನೋಡಿಕೋ ಎಂದು. ಅಜ್ಜಿಯರ ಆ ನಗು ನನಗೆ ಹಳೆಯ ಪರಿಚಯ.

ಆಮೇಲೆ ಮಳೆ ಓಡಿಹೋಯಿತು, ಬಿಸಿಲು ಏರಿತು. ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆದಿದ್ದೆ, ರತ್ನಮ್ಮನ ಫೋನ್ ಬಂತು. "ಸಿಸ್ಟರ್, ಭಾಗ್ಯನ ಮಗೂಗೆ ಜ್ವರ ಅಂತೆ. ಬೆಳಗ್ಗಿಂದ ಹಾಲು ಕುಡೀತಿಲ್ವಂತೆ. ದೃಷ್ಟಿ ತೆಗೀತಾ ಕೂತವ್ರೆ. ಬೇಗ ಬನ್ನಿ."

ಎಳೆ ಮಗುವಿಗೆ ಜ್ವರ ಎಂದರೆ ಊಟ ಮಾಡಿಕೊಂಡು ಹೋಗುವ ಮಾತೇ ಇಲ್ಲ. ಡಬ್ಬಿ ಮುಚ್ಚಿ ಸ್ಕೂಟಿ ಹತ್ತಿದೆ.

ಬಾಗಿಲು ಹಾಕಿತ್ತು. ತಟ್ಟಿ ಒಳಗೆ ಹೋದರೆ ನನಗೆ ಒಂದು ಕ್ಷಣ ದಿಕ್ಕೇ ತೋಚಲಿಲ್ಲ. ಕುಂದಾಣದ ಬಾಣಂತಿ ಕೋಣೆಯನ್ನು ಹಾಗೇ ಕಿತ್ತು ತಂದು ಶೀಟಿನ ಕೆಳಗೆ ಇಟ್ಟಿದ್ದರು. ಕಿಟಕಿಗೆ ಕಂಬಳಿ, ಮೂಲೆಯಲ್ಲಿ ಕೆಂಡ, ಸಾಂಬ್ರಾಣಿ ಹೊಗೆ. ಗಾಳಿ ತಾಗಬಾರದೆಂದು ಫ್ಯಾನಿನ ಸ್ವಿಚ್ಚಿಗೆ ಅಂಟುಪಟ್ಟಿ ಹಾಕಿದ್ದರು. ಭಾಗ್ಯ ತಲೆಗೆ ಬಟ್ಟೆ ಸುತ್ತಿಕೊಂಡು, ಸ್ವೆಟರ್ ಹಾಕಿಕೊಂಡು ಗೋಡೆಗೊರಗಿದ್ದಳು. ತುಟಿ ಒಣಗಿ ಬಿರಿದಿತ್ತು. ಮಗು ಅವಳ ಪಕ್ಕದಲ್ಲಿ ಮೂರು ಸುತ್ತು ಬಟ್ಟೆಯೊಳಗೆ ಇತ್ತು. ಕೈಗೆ ಕಾಲಿಗೆ ಸಾಕ್ಸು, ತಲೆಯ ಮೇಲೆ ಹಳದಿ ಕುಲಾವಿ. ಆ ಕುಲಾವಿ ನಾನೇ ಹೆಣೆದು ಆಸ್ಪತ್ರೆಯಲ್ಲಿ ಕೊಟ್ಟದ್ದು.

ಮಗು ಅಳುತ್ತಿರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೆ. ಅಳುವ ಮಗುವಿಗೆ ನಾನು ಯಾವತ್ತೂ ಹೆದರಿದವಳಲ್ಲ. ಕೆನ್ನೆ ತಟ್ಟಿದರೆ ಕಣ್ಣು ಅರ್ಧ ತೆರೆದು ಮುಚ್ಚಿತು. ಬಾಯೊಳಗೆ ಬೆರಳಿಟ್ಟರೆ ಚೀಪಲಿಲ್ಲ, ಬಾಯಿ ಒಣಗಿತ್ತು. ಥರ್ಮಾಮೀಟರಿನಲ್ಲಿ ಜ್ವರ ಚೆನ್ನಾಗಿಯೇ ಏರಿತ್ತು.

"ಉಚ್ಚೆ ಹೊಯ್ದಿದ್ದು ಯಾವಾಗ?" ಎಂದೆ.

ಲಕ್ಷ್ಮಮ್ಮ ಮಗಳ ಮುಖ ನೋಡಿದರು, ಮಗಳು ತಾಯಿಯ ಮುಖ ನೋಡಿದಳು. "ರಾತ್ರಿ ಬಟ್ಟೆ ಬದಲಾಯಿಸಿದ್ದೆ... ಬೆಳಗ್ಗಿಂದ ಒಣಗೇ ಐತೆ" ಎಂದಳು ಭಾಗ್ಯ. 

"ಮೊದ್ಲು ಕೆಂಡ ಹೊರಗೆ ಹಾಕಿ. ಬಾಗಿಲು ತೆಗೀರಿ. ಇದನ್ನೆಲ್ಲ ಬಿಚ್ಚಿ."

"ಬಿಚ್ಚದಾ?" ಲಕ್ಷ್ಮಮ್ಮ ಮಗುವಿಗೂ ನನಗೂ ಮಧ್ಯೆ ಬಂದು ನಿಂತರು. "ಜ್ವರ ಬಂದಿರೋ ಕೂಸಿಗೆ ಬಟ್ಟೆ ಬಿಚ್ಚಿ ಗಾಳಿಗೆ ಹಿಡೀತೀರಾ? ಶೀತ ಆಗೇ ಹಿಂಗಾಗಿರೋದು. ಬೆಚ್ಚಗಿಡಿ, ಬೆಚ್ಚಗಿಡಿ ಅಂತ ಆಸ್ಪತ್ರೇಲಿ ಹೇಳಿದ್ಯಾರು? ಕುಲಾವಿ ಕೊಟ್ಟಿದ್ಯಾರು? ನೀವೇ ಅಲ್ವೇನಮ್ಮ?"

 ನಾಲಿಗೆಯ ತುದಿಗೆ ಬಂದಿದ್ದ ಬೈಗುಳ ಹಾಗೇ ನಿಂತಿತು. ಈ ಹೆಂಗಸಿಗೆ ಬೈದರೆ ಇವರು ಮಗುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಜಗಳವಾಡಲು ಸಮಯವೂ ಇರಲಿಲ್ಲ. ನೂರಾರು ಕೂಸುಗಳನ್ನು ಮುಟ್ಟಿದ ಕೈ ಅದು. ಆ ಕೈಯನ್ನೇ ಕೇಳೋಣ ಅನ್ನಿಸಿತು.

"ಹೌದಮ್ಮಾ, ನಾನೇ ಕೊಟ್ಟಿದ್ದು. ಈಗ ತೆಗೀರಿ ಅಂತಾನೂ ನಾನೇ ಹೇಳ್ತಿದೀನಿ. ನನ್ನ ಮಾತು ಬಿಡಿ. ನೀವು ಎಷ್ಟು ಮಕ್ಕಳಿಗೆ ಎರೆದಿದೀರ. ಒಂದ್ಸಲ ಈ ಸಾಕ್ಸ್ ತೆಗೆದು ಕಾಲು ಮುಟ್ಟಿ ನೋಡಿ. ಶೀತ ಆಗಿದ್ರೆ ಕಾಲು ತಣ್ಣಗಿರಬೇಕೋ ಬೇಡ್ವೋ, ನೀವೇ ಹೇಳಿ."

ಲಕ್ಷ್ಮಮ್ಮ ಅನುಮಾನದಿಂದಲೇ ಕೂತರು. ಸಾಕ್ಸು ಎಳೆದು ಪಾದವನ್ನು ಅಂಗೈಯಲ್ಲಿ ಹಿಡಿದರು. ಬಿಟ್ಟರು, ಇನ್ನೊಂದು ಪಾದ ಹಿಡಿದರು. ಆಮೇಲೆ ಕೈಯನ್ನು ಬಟ್ಟೆಯ ಸುತ್ತಿನೊಳಗೆ ತೂರಿಸಿ ಬೆನ್ನು ಮುಟ್ಟಿದರು. ಅವರ ಮುಖ ಬದಲಾದದ್ದನ್ನು ನಾನು ನೋಡಿದೆ.

"ಅಯ್ಯೋ ಸಿವನೇ, ಒಲೆ ಮ್ಯಾಲೆ ಇಟ್ಟಂಗಿದೀಯಲ್ಲೋ ಕಂದಾ" ಎಂದರು.

ಬಟ್ಟೆಯ ಗಂಟು ಬಿಚ್ಚುತ್ತಾ ಕೂರದೆ ಹಲ್ಲಿನಲ್ಲೇ ದಾರ ಕಡಿದರು. ಸುತ್ತಿದ್ದ ಬಟ್ಟೆ, ಸಾಕ್ಸು, ಕುಲಾವಿ ಎಲ್ಲ ನೆಲಕ್ಕೆ ಬಿದ್ದವು. ನಾನು ಮಾಮೂಲಿ ನೀರಿನಲ್ಲಿ ಬಟ್ಟೆ ಅದ್ದಿ ಮಗುವಿನ ಮೈ ಒರೆಸತೊಡಗಿದೆ. ರತ್ನಮ್ಮ ಚೊಂಬಿನ ತುಂಬಾ ನೀರು ತಂದು ಭಾಗ್ಯಳ ಕೈಗಿಟ್ಟಳು. ಅವಳು ತಾಯಿಯ ಕಡೆ ನೋಡಿದಳು. "ಕುಡಿಯವ್ವ" ಎಂದರು ಲಕ್ಷ್ಮಮ್ಮ. ಅವಳು ಚೊಂಬು ಕೆಳಗಿಡಲೇ ಇಲ್ಲ.

ಮಗುವನ್ನು ಅಲ್ಲಿಂದ ಮೊದಲು ಹೊರಗೆ ತರಬೇಕಿತ್ತು, ಆಸ್ಪತ್ರೆಗೆ ಸೇರಿಸಬೇಕಿತ್ತು. ಆಂಬುಲೆನ್ಸಿಗೆ ಫೋನ್ ಹಚ್ಚುತ್ತಾ "ಮಂಜುನಾಥ ಎಲ್ಲಿ?" ಎಂದೆ. ಡ್ಯೂಟಿಗೆ ಹೋಗಿರಬೇಕು ಎಂದುಕೊಂಡಿದ್ದೆ.

"ಕಾರಲ್ಲಿ ಮಲಗವ್ನೆ" ಎಂದಳು ಭಾಗ್ಯ.

ರಾತ್ರಿ ಪಾಳಿಯವನಿಗೆ ಹಗಲು ಆ ಮನೆಯಲ್ಲಿ ನಿದ್ದೆ ಬರುತ್ತಿರಲಿಲ್ಲ. ಬಾಣಂತಿ ಕೋಣೆಗೆ ಅತ್ತೆ ಅವನನ್ನು ಬಿಟ್ಟುಕೊಳ್ಳುತ್ತಲೂ ಇರಲಿಲ್ಲ. ಬೀದಿಯ ಕೊನೆಯಲ್ಲಿ ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿ, ಏಸಿ ಹಾಕಿಕೊಂಡು ಮಲಗಿದ್ದ. ಕೂಗಿದರೆ ಕೇಳುವಷ್ಟು ಹತ್ತಿರ. ಇಡೀ ವಠಾರದಲ್ಲಿ ತಣ್ಣಗಿದ್ದ ಒಂದೇ ಒಂದು ಕೋಣೆ ಆ ಕಾರು. ಅದು ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಬಾಣಂತಿ, ಏಸಿ ಈ ಎರಡನ್ನೂ ಒಟ್ಟಿಗೆ ಯೋಚಿಸುವ ಧೈರ್ಯ ಯಾವ ಮನೆಯಲ್ಲಿದೆ?

ರತ್ನಮ್ಮ ಓಡಿಹೋಗಿ ಕಾರಿನ ಗಾಜು ಬಡಿದಳು. ಮಂಜುನಾಥ ಬರಿಗಾಲಲ್ಲಿ ಬಂದ. ಮಗುವನ್ನು ನೋಡಿ ಅಲ್ಲೇ ಬಾಗಿಲು ಹಿಡಿದುಕೊಂಡು ನಿಂತುಬಿಟ್ಟ. "ಏನಾಯ್ತು ಮೇಡಮ್? ಉಳೀತಾನಾ?" ಎಂದ. ಈ ಪ್ರಶ್ನೆಗೆ ಸುಳ್ಳು ಹೇಳಬಾರದು, ನಿಜವೂ ನನಗೆ ಗೊತ್ತಿರಲಿಲ್ಲ. "ಕಾರು ತಿರುಗಿಸು ಹೋಗು. ಏಸಿ ಆರಿಸಬೇಡ" ಎಂದೆ.

ಅದನ್ನು ಕೇಳಿದ ಲಕ್ಷ್ಮಮ್ಮನಿಗೆ ಹೋಗಿದ್ದ ಭಯವೆಲ್ಲ ವಾಪಸು ಬಂತು. "ಏಸಿ ಗಾಳಿಗಾ? ಹಸಿ ಬಾಣಂತಿ ಕಣ್ ಸಿಸ್ಟರಮ್ಮ! ಸನ್ನಿ ಹಿಡಿದ್ರೆ ಯಾರು ಗತಿ? ನಮ್ಮಕ್ಕ ಹಂಗೇ ಹೋದ್ಲು, ನಾನು ಕಂಡಿದೀನಿ" ಎಂದು ಮಗಳ ತೋಳು ಹಿಡಿದುಕೊಂಡರು. ಅವರ ಅಕ್ಕನ ವಿಷಯ ನನಗೆ ಗೊತ್ತಾದದ್ದು ಆಗಲೇ. ಆ ಕೆಂಡ, ಆ ಕಂಬಳಿ, ಅಂಟುಪಟ್ಟಿ ಹಾಕಿದ ಸ್ವಿಚ್ಚು ಎಲ್ಲವೂ ನನಗೆ ಅರ್ಥವಾದವು. ಅವರು ಹಟಮಾರಿಯಲ್ಲ, ಮಗಳನ್ನು ಕಾಯುತ್ತಿದ್ದರು.

ನಾನು ಏನೋ ಹೇಳಲು ಹೊರಟೆ. ಭಾಗ್ಯ ಅದಕ್ಕೂ ಮೊದಲೇ ಎದ್ದು ನಿಂತಳು. "ಅವ್ವಾ, ನಂಗೇನಾದ್ರೂ ಆಗ್ಲಿ. ಇವ್ನೂ ಹೋದ್ರೆ ನಾನು ಇರಕಿಲ್ಲ. ಬಾ" ಎಂದು ಮಗುವನ್ನು ತಾಯಿಯ ಮಡಿಲಿಗೇ ಹಾಕಿ, ಅವರ ಕೈ ಹಿಡಿದು ಎಬ್ಬಿಸಿದಳು.

ಕಾರಿನ ಹಿಂದಿನ ಸೀಟಿನಲ್ಲಿ ನಡುವೆ ಲಕ್ಷ್ಮಮ್ಮ, ಆ ಕಡೆ ಭಾಗ್ಯ, ಈ ಕಡೆ ನಾನು. ಏಸಿಯ ಗಾಳಿ ಬರುವ ಕಿಂಡಿ ಎದುರಿಗೇ ಇತ್ತು. ಲಕ್ಷ್ಮಮ್ಮ ಒಂದು ಕೈಯಲ್ಲಿ ಮಗುವನ್ನು ಹಿಡಿದು, ಇನ್ನೊಂದು ಅಂಗೈಯನ್ನು ಆ ಕಿಂಡಿಗೆ ಅಡ್ಡ ಇಟ್ಟರು. ಗಾಳಿ ನೇರ ಮಗುವಿಗೂ ಬಡಿಯಬಾರದು, ಮಗಳಿಗೂ ಬಡಿಯಬಾರದು. ದಾರಿಯುದ್ದಕ್ಕೂ ಆ ಕೈ ತೆಗೆಯಲಿಲ್ಲ. ನಾನು ಬೇಡ ಎನ್ನಲಿಲ್ಲ. ಕಾರು ತಣ್ಣಗೇ ಇತ್ತು, ಅವರ ಮನಸ್ಸಿಗೂ ಅಷ್ಟು ಸಮಾಧಾನ ಬೇಕಿತ್ತು. ಭಾಗ್ಯಳಿಂದ ಹಾಲು ಹಿಂಡಿಸಿ ಚಮಚದಲ್ಲಿ ಒಂದೊಂದೇ ತೊಟ್ಟು ಮಗುವಿನ ಕೆನ್ನೆಯೊಳಗೆ ಬಿಟ್ಟೆ. ಮೊದಲು ತುಟಿಯ ಪಕ್ಕದಿಂದ ಹೊರಗೆ ಹರಿಯಿತು. ಹೈವೇ ಸಿಗ್ನಲ್ಲಿನ ಹತ್ತಿರ ಬರುವಾಗ ಒಂದು ತೊಟ್ಟು ಒಳಗೆ ಹೋಯಿತು. "ನುಂಗಿದ" ಎಂದೆ. ಮಂಜುನಾಥ ಕನ್ನಡಿಯಲ್ಲಿ ನೋಡಿ ಹಾರ್ನ್ ಒತ್ತಿ ಹಿಡಿದ.

ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ತಡಮಾಡಲಿಲ್ಲ. ಸೋಂಕು ಇದೆಯೇ ಎಂದು ರಕ್ತ ತೆಗೆದರು, ಡ್ರಿಪ್ ಹಾಕಿದರು. ಸೆಕೆಗೆ ಮೈ ನೀರೆಲ್ಲ ಬತ್ತಿದೆ, ಜ್ವರ ಇಳಿಯುತ್ತಿದೆ ಎಂದರು. "ಬದುಕ್ತಾನಾ ಸಾರ್?" ಎಂದು ಮಂಜುನಾಥ ಕೇಳಿದ. "ಒಂದ್ಸಲ ಮೂತ್ರ ಮಾಡ್ಲಿ. ಅಲ್ಲೀವರೆಗೆ ನಾನೇನೂ ಹೇಳಲ್ಲ" ಎಂದು ಡಾಕ್ಟರು ಹೇಳಿ ಹೋದರು.

ನಾವು ಕಾದೆವು. ಇಷ್ಟು ವರ್ಷದ ಕೆಲಸದಲ್ಲಿ ನಾನು ಕಾದದ್ದರಲ್ಲಿ ಅದೇ ಬಹಳ ಉದ್ದದ್ದು. ಭಾಗ್ಯ ಬಾಟಲಿಗಟ್ಟಲೆ ನೀರು ಕುಡಿದಳು, ಬಾಟಲಿ ತುಂಬಿಸಿ ತರುತ್ತಿದ್ದವರು ಲಕ್ಷ್ಮಮ್ಮನೇ.  ನಲ್ಲಿಗೆ ಹೋಗುವುದು, ತರುವುದು, ಮಗಳ ಕೈಗೆ ಕೊಡುವುದು, ಮತ್ತೆ ಹೋಗುವುದು. ಸ್ವಲ್ಪ ಹೊತ್ತಿನ ಮೇಲೆ ಮಗು ಮೊಲೆಗೆ ಬಾಯಿ ಹಾಕಿತು. ಬಲವಿರಲಿಲ್ಲ, ಆದರೂ ಚೀಪಿತು. ಆಗಾಗ ಬಟ್ಟೆ ಮುಟ್ಟಿ ನೋಡುತ್ತಿದ್ದೆ, ಒಣಗೇ ಇತ್ತು. ಲಕ್ಷ್ಮಮ್ಮ ನನ್ನ ಮುಖವನ್ನು ನೋಡುತ್ತಿದ್ದರು, ನಾನು ಬೇರೆ ಕಡೆ ನೋಡುತ್ತಿದ್ದೆ.

ಇಳಿಹೊತ್ತಿಗೆ ಭಾಗ್ಯಳ ಕಣ್ಣು ಮುಚ್ಚುತ್ತಿತ್ತು. ಲಕ್ಷ್ಮಮ್ಮ ಮಗುವನ್ನು ಎತ್ತಿಕೊಂಡು ತಮ್ಮ ಚಾಚಿದ ಕಾಲ ಮೇಲೆ, ಎರೆಯುವಾಗ ಮಲಗಿಸಿಕೊಳ್ಳುವ ಹಾಗೆ, ಬರಿಮೈಯಲ್ಲಿ ಮಲಗಿಸಿಕೊಂಡರು. ಡ್ರಿಪ್ಪಿನ ಕೈಯನ್ನು ನಾನು ಹಿಡಿದಿದ್ದೆ. ಅವರು ಏನೋ ಗುನುಗುತ್ತಾ ಮಗುವಿನ ಹೊಟ್ಟೆ ಸವರುತ್ತಿದ್ದರು. ಇದ್ದಕ್ಕಿದ್ದಂತೆ ಮಗು ಮುಖ ಕಿವುಚಿ ಕಿರ್‍ರೆಂದಿತು. ಹಿಂದೆಯೇ ಉಚ್ಚೆ ಚಿಮ್ಮಿ ಅವರ ಗಲ್ಲಕ್ಕೆ, ಎದೆಗೆ, ಸೆರಗಿಗೆಲ್ಲ ಹಾರಿತು.

"ಹೊಯ್ದ!" ಲಕ್ಷ್ಮಮ್ಮ ಇಡೀ ವಾರ್ಡಿಗೆ ಕೇಳುವಂತೆ ಕಿರುಚಿದರು. "ಹೊಯ್ದ ಕಣವ್ವೋ! ಏ ಮಂಜುನಾಥಪ್ಪ, ನಿನ್ ಮಗ ಹೊಯ್ದ ಬಾರೋ!"

ಮಂಜುನಾಥ ಓಡಿಬಂದ. ಅಕ್ಕಪಕ್ಕದ ಹಾಸಿಗೆಯವರೆಲ್ಲ ಎದ್ದು ಕೂತು ನಗತೊಡಗಿದರು. ಭಾಗ್ಯ ನಗಲು ಹೋಗಿ ಅತ್ತಳು. ಮಗು ಎಲ್ಲರಿಗಿಂತ ಜೋರಾಗಿ ಅಳುತ್ತಿತ್ತು. ಅಬ್ಬಾ, ಆ ಅಳು! ನನ್ನ ಎದೆಯ ಮೇಲಿದ್ದ ಬಂಡೆಯನ್ನು ಯಾರೋ ಎತ್ತಿ ಆಚೆ ಇಟ್ಟಂತಾಯಿತು. ಮಧ್ಯಾಹ್ನದ ಹಸಿವು ನೆನಪಾದದ್ದೂ ಆಗಲೇ.

ಲಕ್ಷ್ಮಮ್ಮನ ಸೀರೆ ಎದೆಯಿಂದ ಮಡಿಲವರೆಗೆ ಒದ್ದೆಯಾಗಿತ್ತು. ತಲೆಯ ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ನಾನು ನನ್ನ ಬ್ಯಾಗಿನಲ್ಲಿದ್ದ ಟವೆಲು ತೆಗೆದು ಕೊಡಲು ಹೋದೆ. "ಒರೆಸ್ಕೊಳಿ ಅಮ್ಮಾ, ಗಾಳಿಗೆ ಶೀತ ಆಗುತ್ತೆ" ಎಂದೆ, ಬೇಕೆಂದೇ.

ಅವರು ಟವೆಲು ತೆಗೆದುಕೊಳ್ಳಲಿಲ್ಲ. ಒದ್ದೆ ಸೆರಗಿನ ಮೇಲೆಯೇ ಮೊಮ್ಮಗನನ್ನು ಒತ್ತಿಕೊಂಡು ಕಣ್ಣು ಮುಚ್ಚಿದರು.

"ಇರ್ಲಿ ಬಿಡಿ ಸಿಸ್ಟರಮ್ಮ," ಎಂದರು. "ತಣ್ಣಗೈತೆ."